ವಿಜಯಪುರದಲ್ಲಿ ಪ್ರೀತಿಯ ಜಾಡು: ಅರ್ಧ ದಿನದ ನಡಿಗೆ ನಡೆಸುವುದು ಹೇಗೆ

ಈ ನಡಿಗೆಗೆ ಮೂರೇ ಜಾಗ ಸಾಕು: ಗೋಳಗುಮ್ಮಟ, ಗಗನ ಮಹಲ್, ಇಬ್ರಾಹಿಂ ರೋಜಾ. ತಂಡ ಹನ್ನೆರಡು ಜನರದ್ದಾದರೆ ಚೆನ್ನ. ಗುಮ್ಮಟದ ಮೂಲೆ ಮಿನಾರಿನೊಳಗಿನ ಮೆಟ್ಟಿಲು ಇಕ್ಕಟ್ಟು. ಇಳಿಯುವವರು ಎದುರಾದರೆ ಸಾಲೆಲ್ಲ ನಿಂತುಬಿಡುತ್ತದೆ.

ಬಾಗಿಲು ತೆರೆಯುವ ಹೊತ್ತಿಗೇ ಗೋಳಗುಮ್ಮಟದಲ್ಲಿರಿ. ಶಾಲಾ ಪ್ರವಾಸದ ಬಸ್ಸುಗಳು ಬಂದವೆಂದರೆ ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಾಟ ಶುರು. ಒಂದೇ ಕೂಗು ಏಳೆಂಟು ಸಲ ಮೊಳಗುವಲ್ಲಿ ಪಿಸುಮಾತು ಎಲ್ಲಿ ಕೇಳೀತು? ಜೋಡಿಯಲ್ಲಿ ಒಬ್ಬರನ್ನು ಗ್ಯಾಲರಿಯ ಎದುರು ಬದಿಗೆ, ಸುಮಾರು 38 ಮೀಟರ್ ಆಚೆಗೆ ಕಳಿಸಿ. ಈ ಕಡೆಯವರು ಗೋಡೆಗೆ ಮುಖ ಮಾಡಿ ಒಂದೇ ಸಣ್ಣ ಮಾತು ಮೆಲ್ಲಗೆ ಹೇಳಲಿ. ಅದು ಪೂರ್ತಿ ಅಡಗಿದ ಮೇಲೆ ಆ ಕಡೆಯವರು ಉತ್ತರ ಕೊಡಲಿ. ಅವಸರ ಮಾಡಿದರೆ ಎರಡೂ ಮಾತು ಕಲಸಿಹೋಗುತ್ತವೆ.

ರಂಭೆಯ ವಿಷಯವನ್ನು ಕೆಳಗಿಳಿದ ಮೇಲೆ ಎತ್ತಿ. ಗೋಳಗುಮ್ಮಟ 1656ರಲ್ಲಿ ತೀರಿಕೊಂಡ ವಿಜಯಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಇಲ್ಲಿ ಅವನ ಇಬ್ಬರು ರಾಣಿಯರು, ಮಗಳು, ಮೊಮ್ಮಗನ ಗೋರಿಗಳ ಜೊತೆಗೇ ನರ್ತಕಿ ರಂಭೆಯದೂ ಇದೆ. ಕಟ್ಟೆಯ ಮೇಲೆ ಕಾಣುವುದು ಗುರುತಿನ ಗೋರಿಗಳು, ಅಸಲಿ ಗೋರಿಗಳು ನೆಲಮಾಳಿಗೆಯಲ್ಲಿವೆ. ಸುಲ್ತಾನನ ಮೇಲಿನ ಪ್ರೀತಿ ಸಾಬೀತುಪಡಿಸಲು ಅವಳು ಮೇಲಿನಿಂದ ಹಾರಿದಳೆನ್ನುವುದು ಜನರ ಬಾಯಲ್ಲಿ ಉಳಿದ ಕಥೆ. ಹೇಳಿ, ಆದರೆ ಕಥೆ ಎಂದೇ ಹೇಳಿ. ರಾಜಮನೆತನದ ಸಾಲಿನಲ್ಲಿ ಒಬ್ಬ ನರ್ತಕಿಗೆ ಜಾಗ ಸಿಕ್ಕಿದ್ದೇ ದೊಡ್ಡ ಮಾತು.

ಅಲ್ಲಿಂದ ಆಟೊ ಅಥವಾ ಟಾಂಗಾದಲ್ಲಿ ಗಗನ ಮಹಲ್‌ಗೆ. ಇಲ್ಲಿ ಹತ್ತು ನಿಮಿಷ ಸಾಕು. ಈ ಅರಮನೆ ಕಟ್ಟಿಸಿದ ಸುಲ್ತಾನ ಒಂದನೇ ಅಲಿ ಆದಿಲ್ ಶಾಹ ಅಹ್ಮದ್‌ನಗರದ ಚಾಂದ್ ಬೀಬಿಯನ್ನು ಮದುವೆಯಾದದ್ದು ರಾಜಕೀಯ ಲೆಕ್ಕಾಚಾರದಿಂದ. ವರದಕ್ಷಿಣೆಯಾಗಿ ಸೊಲ್ಲಾಪುರವೇ ಬಂತು. 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರದ ವಿರುದ್ಧ ಸುಲ್ತಾನರು ಕಟ್ಟಿದ ಕೂಟಕ್ಕೆ ಆ ನಂಟೂ ಒಂದು ಗಂಟು.

ಹೆಚ್ಚು ಹೊತ್ತನ್ನು ಇಬ್ರಾಹಿಂ ರೋಜಾಕ್ಕೆ ಉಳಿಸಿಕೊಳ್ಳಿ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ ಸುಲ್ತಾನ ಎರಡನೇ ಇಬ್ರಾಹಿಂ ಇಲ್ಲಿ ರಾಣಿ ತಾಜ್ ಸುಲ್ತಾನಾಳೊಂದಿಗೆ ಮಲಗಿದ್ದಾನೆ. ಹೆಂಡತಿಗಾಗಿ ಗಂಡ ಕಟ್ಟಿಸಿದ್ದು ಎಂದು ಸಾಮಾನ್ಯವಾಗಿ ಹೇಳಿಬಿಡುತ್ತಾರೆ. ಕಟ್ಟಲು ಅಪ್ಪಣೆ ಕೊಟ್ಟವಳು ತಾಜ್ ಸುಲ್ತಾನಾ ಎನ್ನುತ್ತದೆ ಅಲ್ಲಿನ ಶಾಸನ. ಇದನ್ನು ಬಿಡಬೇಡಿ. ಒಳಕೋಣೆಯಲ್ಲಿ ಕತ್ತಲು. ಮೊಬೈಲ್ ಟಾರ್ಚ್ ಆರಿಸಿ, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿಸಿ. ಆಗ ಕಲ್ಲನ್ನೇ ಕೊರೆದು ಮಾಡಿದ ಅರಬ್ಬಿ ಅಕ್ಷರಗಳ ಜಾಲಂಧ್ರದಲ್ಲಿ ಒಂದೊಂದು ಅಕ್ಷರದ ಸುತ್ತ ಬೆಳಕು ತೂರಿಬರುವುದು ಕಾಣುತ್ತದೆ.

ಸಾಠ್ ಕಬರ್ (ಅರವತ್ತು ಗೋರಿಗಳು) ಯಾಕಿಲ್ಲ ಎಂದು ಯಾರಾದರೂ ಕೇಳುತ್ತಾರೆ. ಆದಿಲ್ ಶಾಹಿ ಸೇನಾಪತಿ ಅಫಜಲ್ ಖಾನ್ ಯುದ್ಧಕ್ಕೆ ಹೊರಡುವ ಮುನ್ನ ತನ್ನ ಹೆಂಡತಿಯರನ್ನು ಕೊಂದನೆಂದು ಆ ಗೋರಿಗಳ ಬಗ್ಗೆ ಜನ ಹೇಳುತ್ತಾರೆ. ಅದನ್ನು ಪ್ರೀತಿಯ ಪಟ್ಟಿಗೆ ಸೇರಿಸಬೇಡಿ. ನೋಡಲೇಬೇಕೆನ್ನುವವರು ಇನ್ನೊಂದು ದಿನ ಬೇರೆಯಾಗಿ ಹೋಗಲಿ.