ಮೊದಲ ಬರಹವನ್ನು ತಡೆಯುವುದು ಬಿಟ್ಟ ಮೇಲೆ

ನಮ್ಮ ಅಡಿಕೆ ಬೆಳೆಗಾರರ ಚರ್ಚಾ ವೇದಿಕೆಯಲ್ಲಿ ಹೊಸ ಸದಸ್ಯರ ಮೊದಲ ಬರಹವನ್ನು ಇನ್ನು ಒಪ್ಪಿಗೆಗಾಗಿ ತಡೆದಿಡುವುದಿಲ್ಲ ಎಂದು ನಾನು ಹೇಳಿದಾಗ ಜೊತೆಯ ಮೂವರು ಮಾಡರೇಟರುಗಳೂ ವಿರೋಧಿಸಿದರು. ಅವರಲ್ಲೊಬ್ಬರಾದ ಸಾಗರದ ಭಾವನಂತೂ, “ತೋಟದ ಬೇಲಿಯ ದಣಪೆ ತೆಗೆದಿಟ್ಟು, ಆಮೇಲೆ ದನ ಬಂತು ಎಂದು ಕೂಗಬೇಡ ಮಾರಾಯ” ಎಂದರು. ಅದಾಗಿ ಹದಿನಾಲ್ಕು ತಿಂಗಳಾಯಿತು. ದನ ಬರಲೇ ಇಲ್ಲ ಎಂದಲ್ಲ, ಬಂದದ್ದು ಬಾಳೆಗಿಡದವರೆಗೂ ಹೋಗಲಿಲ್ಲ.

ಮೊದಲ ಮೂರು ಬರಹ ತಡೆದು ನೋಡುವುದು ಪಿಎಚ್‌ಪಿಬಿಬಿ ಎಂಬ ವೇದಿಕೆ ತಂತ್ರಾಂಶದ ಕಾಲದಿಂದ ನನಗೆ ಅಂಟಿದ ಚಾಳಿ. ಈಗಿನ ಡಿಸ್ಕೋರ್ಸ್ ತಂತ್ರಾಂಶಕ್ಕೆ ಬಂದ ಮೇಲೂ ಅದನ್ನೇ ಇಟ್ಟುಕೊಂಡೆ. ಬೇಸಗೆಯಲ್ಲಿ ವಾರಕ್ಕೆ ಐದಾರು ಬರಹ, ತೊಂದರೆ ಇರಲಿಲ್ಲ. ಮಳೆಗಾಲದಲ್ಲಿ ಬಣ್ಣ ಬಯಲಾಯಿತು. “ಕಾಯಿ ಉದುರುತ್ತಿದೆ, ಮಳೆ ಬಿಡುತ್ತಿಲ್ಲ, ಎರಡನೆಯ ಸಲ ಬೋರ್ಡೋ ಹೊಡೆಸಲೇ?” ಎಂದು ಒಬ್ಬರು ಕೇಳಿದ್ದರು. ಒಪ್ಪಿಗೆ ಕೊಡಬೇಕಾದ ನಾವು ನಾಲ್ವರೂ ನಮ್ಮ ನಮ್ಮ ತೋಟದಲ್ಲಿ ಅದೇ ಬೋರ್ಡೋ ದ್ರಾವಣ ಹೊಡೆಸುತ್ತಿದ್ದೆವು, ಮನೆಗೆ ಬಂದರೆ ಕರೆಂಟ್ ಇಲ್ಲ. ಬರಹ ಕಣ್ಣಿಗೆ ಬಿದ್ದದ್ದು ಮೂರನೆಯ ಸಂಜೆ. ಕಾಯಿ ಉದುರಿಸುವ ಕೊಳೆರೋಗ ಮೂರು ದಿನ ಕಾಯುತ್ತದೆಯೇ? ಅವರು ಮತ್ತೆ ಬರಲಿಲ್ಲ. ಆ ವರ್ಷ ಹೊಸಬರು ಹತ್ತು ಮಂದಿಯಲ್ಲಿ ಏಳು ಮಂದಿಯಾದರೂ ಎರಡನೆಯ ಬರಹ ಬರೆಯಲಿಲ್ಲ.

ಆಮೇಲೆ ದುಡ್ಡು ಸುರಿದೆ. ಪೇಟೆಯ ಕಾಲೇಜು ಹುಡುಗನೊಬ್ಬನಿಗೆ ತಿಂಗಳಿಗೆ ಮೂರು ಸಾವಿರ ಕೊಟ್ಟು ತಡೆದಿಟ್ಟ ಬರಹಗಳ ಸರದಿ ನೋಡಿಕೊಳ್ಳಲು ಹೇಳಿದೆ. ಶ್ರದ್ಧೆಯ ಹುಡುಗ, ಹತ್ತು ನಿಮಿಷದಲ್ಲಿ ಒಪ್ಪಿಗೆ ಕೊಡುತ್ತಿದ್ದ. ಆದರೆ ಅಡಿಕೆಯ ಬಗೆಗಳಾದ ಚಾಲಿಗೂ ಸಿಪ್ಪೆಗೋಟಿಗೂ ವ್ಯತ್ಯಾಸ ತಿಳಿಯದು. “ಹಳೆ ಚಾಲಿಗೆ ಕ್ವಿಂಟಲಿಗೆ ಐದು ಸಾವಿರ ಹೆಚ್ಚು ಕೊಡುತ್ತೇವೆ, ಲಾರಿ ಬಾಡಿಗೆ ಮುಂಗಡ ಕಳಿಸಿ” ಎಂಬುದನ್ನೂ ರೈತರ ಬರಹ ಎಂದು ಬಿಟ್ಟ. ನಮ್ಮ ಸದಸ್ಯರೊಬ್ಬರು ಆರು ಸಾವಿರ ಕಳೆದುಕೊಂಡರು. ಅರ್ಧ ನಾನು ತುಂಬಿಕೊಟ್ಟೆ, ನಾಚಿಕೆಗೆ. ನಾಲ್ಕು ತಿಂಗಳಿಗೆ ಹನ್ನೆರಡು ಸಾವಿರ ಸಂಬಳ ಬೇರೆ.

ಮುಂದಿನ ವರ್ಷ ಸ್ಪ್ಯಾಮ್ ಹಿಡಿಯುವ ಸೇವೆಯೊಂದಕ್ಕೆ ಒಂಬತ್ತು ಸಾವಿರ ಚಿಲ್ಲರೆ ಕಟ್ಟಿದೆ. ಕನ್ನಡದ ಮೋಸ ಅದಕ್ಕೆ ಕಾಣಿಸಲಿಲ್ಲ. ಬದಲಿಗೆ, ನಿವೃತ್ತ ಮೇಷ್ಟ್ರೊಬ್ಬರು ಮಣ್ಣಿನ ಬಗ್ಗೆ ಬರೆದ ಒಳ್ಳೆಯ ಲೇಖನವನ್ನು ಕಸದ ಬುಟ್ಟಿಗೆ ಹಾಕಿತು. ಅವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿ ಹಾಗೆಯೇ ಅಂಟಿಸಿದ್ದರು. ಯೂನಿಕೋಡ್ ಅಲ್ಲದ್ದರಿಂದ ಕಂಡದ್ದು ಟೋಪಿ ಹಾಕಿದ ಲ್ಯಾಟಿನ್ ಅಕ್ಷರಗಳ ಗೊಜ್ಜು. ಸೇವೆಯದು ತಪ್ಪೆನ್ನಲಾರೆ.

ಕಂಡರೆ ತಡೆಯಬೇಕಾದ ಪದಗಳ ಪಟ್ಟಿ ನನ್ನದೇ ಪ್ರಯೋಗ, ಅದೂ ತೋಪಾಯಿತು. ‘ಸಾಲ’ ಎಂದಿದ್ದರೆ ತಡೆ ಎಂದು ಬರೆದೆ. ಮರುದಿನ ಅಡಿಕೆ ಸಾಲು, ಬಾಳೆ ಸಾಲು, ಸಾಲಿನ ನಡುವೆ ಕಾಳುಮೆಣಸು, ಎಲ್ಲವೂ ತಡೆಯಲ್ಲಿ ಕುಳಿತಿದ್ದವು. ಯಂತ್ರದ ಲೆಕ್ಕಕ್ಕೆ ‘ಸಾಲು’ ಎಂದರೆ ‘ಸಾಲ’ಕ್ಕೆ ಕೊಂಬು ಬಂದದ್ದಷ್ಟೇ. ‘ಆನ್‌ಲೈನ್’ ಎಂದು ಪಟ್ಟಿಗೆ ಹಾಕಿದರೆ ‘ಆನ್ಲೈನ್’ ಎಂದು ಒತ್ತಕ್ಷರದಲ್ಲಿ ಬರೆದವನು ನುಸುಳುತ್ತಾನೆ, ಮೊದಲನೆಯದರ ನಡುವೆ ಕಾಣದ ಅಕ್ಷರವೊಂದು ಇರುವುದರಿಂದ. ಇನ್ನು ಮೂರು ಸೆಕೆಂಡಿನೊಳಗೆ ಟೈಪಿಸಿದ ಮೊದಲ ಬರಹವನ್ನು ಯಂತ್ರದ್ದೆಂದು ಅನುಮಾನಿಸುವ ವ್ಯವಸ್ಥೆ ಇದೆಯಲ್ಲ, ನಮ್ಮಲ್ಲಿ ಅದಕ್ಕೆ ಸಿಕ್ಕಿಬಿದ್ದವರು ಹೆಚ್ಚಾಗಿ ಅಜ್ಜಂದಿರು. ವಾಟ್ಸ್ಆ್ಯಪ್‌ನಲ್ಲಿ ಬರೆದುಕೊಂಡು ಮೊಮ್ಮಗನ ಕೈಯಲ್ಲಿ ಅಂಟಿಸುತ್ತಿದ್ದರು.

ಈಗ ಮಾಡುತ್ತಿರುವುದು ಇಷ್ಟು. ಮೊದಲ ಬರಹ ಕೂಡಲೇ ಕಾಣುತ್ತದೆ. ಲಿಂಕ್ ಅಥವಾ ಫೋನ್ ಸಂಖ್ಯೆ ಇದ್ದರೆ ಮಾತ್ರ ನಿಲ್ಲುತ್ತದೆ. ಸಂಖ್ಯೆ ಹುಡುಕುವಾಗ ಕನ್ನಡ ಅಂಕಿಗಳನ್ನೂ ಸೇರಿಸಿ, ನಾನು ಮರೆತು ಎರಡು ವಾರ ಒದ್ದಾಡಿದ್ದೇನೆ. ಹೊಸಬರು ತಮ್ಮ ಬರಹವನ್ನು ತಿದ್ದುವ ಅವಧಿಯನ್ನು 24 ಗಂಟೆಯಿಂದ 20 ನಿಮಿಷಕ್ಕೆ ಇಳಿಸಿದೆ. ಹಗಲು “ಒಳ್ಳೆಯ ಮಾಹಿತಿ” ಎಂದು ಬರೆದು, ರಾತ್ರಿ ಅದರೊಳಗೆ ಲಿಂಕ್ ತುರುಕುವ ಜಾಣರಿಗೆ ಇದರಿಂದ ಸಾಕಷ್ಟು ಕಷ್ಟವಾಯಿತು.

ನಿಜವಾಗಿ ಕೆಲಸ ಮಾಡಿದ್ದು ಮನುಷ್ಯರು. ಎಂಟು ಹಳೆಯ ಸದಸ್ಯರು ಪಾಳಿ ಹಾಕಿಕೊಂಡಿದ್ದಾರೆ, ಸಂಬಳವಿಲ್ಲ. ಹೊಸಬರ ಬರಹ ಕಂಡ ಒಂದೆರಡು ಗಂಟೆಯಲ್ಲಿ ಯಾರಾದರೊಬ್ಬರು ಉತ್ತರಿಸಬೇಕು, ಉತ್ತರದ ಕೊನೆಯಲ್ಲಿ ಒಂದು ಪ್ರಶ್ನೆ ಇರಲೇಬೇಕು. ತೋಟ ಎಷ್ಟು ವರ್ಷದ್ದು, ಬಸಿಗಾಲುವೆ ಹೇಗಿದೆ, ಇಂಥವು. ಬೆಳೆಗಾರರಾದರೆ ಒಂದು ಪುಟ ಬರೆಯುತ್ತಾರೆ. ಸುಳ್ಳು ಖರೀದಿದಾರ ಬಾಯಿ ಬಿಡುವುದಿಲ್ಲ, ಬಿಟ್ಟರೆ ಸಿಕ್ಕಿಬೀಳುತ್ತಾನೆ. ಹಾಗಾಗಿ ನಾವು ಜಾಲಿಸಿ ನೋಡುವುದು ಎರಡನೆಯ ಬರಹವನ್ನು. ಅಡಿಕೆ ಒಣಗಿಸುವುದರ ಬಗ್ಗೆ ಕೇಳುವ ಒಂದು ಪ್ರಶ್ನೆ ಇಲ್ಲಿಯವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ, ಓದುವವರು ನೀವೊಬ್ಬರೇ ಅಲ್ಲವಲ್ಲ.

ನಡುವೆ ‘ಪರಿಚಯ’ ವಿಭಾಗ ಮಾಡಿ, ಮೊದಲು ಅಲ್ಲಿ ಬರೆಯಿರಿ ಎಂದೂ ನೋಡಿದೆ. “ನಮಸ್ಕಾರ ಎಲ್ಲರಿಗೂ” ಎಂದರೆ ಇಪ್ಪತ್ತು ಅಕ್ಷರವಾಗಲಿಲ್ಲ ಎಂದು ತಂತ್ರಾಂಶವೇ ವಾಪಸು ಕಳಿಸುತ್ತಿತ್ತು. ತಿಂಗಳಿಗೆ ಮುಚ್ಚಿದೆ.

ಈಗ ಹತ್ತರಲ್ಲಿ ಆರು ಮಂದಿ ಎರಡನೆಯ ಬರಹ ಬರೆಯುತ್ತಾರೆ. ಸರ್ವರ್ ಬಾಡಿಗೆ ಸಾವಿರ ಚಿಲ್ಲರೆ ಬಿಟ್ಟರೆ ಬೇರೆ ಖರ್ಚಿಲ್ಲ. ಭಾವನೂ ಪಾಳಿಯಲ್ಲಿದ್ದಾರೆ, ರಾತ್ರಿ ಎಂಟರಿಂದ ಹತ್ತು.

ಒಂದು ಉಳಿದಿದೆ. ಎಲೆಚುಕ್ಕಿ ರೋಗದ ಚಿತ್ರ ಹಾಕುವವರಿಗೆ ಅನುಕೂಲವಾಗಲಿ ಎಂದು ಹೊಸಬರಿಗೆ ಒಂದಿದ್ದ ಚಿತ್ರದ ಮಿತಿಯನ್ನು ನಾಲ್ಕಕ್ಕೆ ಏರಿಸಿದ್ದೇನೆ. ಈಗ ಮೋಸಗಾರರು ಚಿತ್ರದ ಮೂಲೆಯಲ್ಲಿ ಫೋನ್ ಸಂಖ್ಯೆ ಬರೆದು ಕಳಿಸಲು ಶುರು ಮಾಡಿದ್ದಾರೆ. ಅದನ್ನು ಸದ್ಯಕ್ಕೆ ಕಣ್ಣಿನಿಂದಲೇ ಹಿಡಿಯುತ್ತಿದ್ದೇವೆ. ಹೋದ ವಾರ ಎರಡು ಸಿಕ್ಕವು, ಎರಡೂ ಭಾವನ ಪಾಳಿಯಲ್ಲಿ.