ಓದು ಬರಹ ಕಲಿಸೋಕೆ ನಾನು ಮಾಡೋದು: ಮಕ್ಕಳ ಸುದ್ದಿ, ಮಕ್ಕಳ ಚೀಟಿ

ಒಂದು, ಎರಡನೇ ಕ್ಲಾಸ್ ಮಕ್ಕಳಿಗೆ ಕನ್ನಡ ಹೇಳ್ಕೊಡ್ತೀನಿ. ಈ ವಯಸ್ಸಿನ ಮಕ್ಕಳು ಪಾಠಾನ ಜೋರಾಗಿ ಓದಿದ್ರೂ ಎಷ್ಟೋ ಸಲ ಅದು ಬಾಯಿಪಾಠ ಆಗಿರತ್ತೆ, ಅದೇ ವಾಕ್ಯದ ಪದಗಳನ್ನ ಹಿಂದೆ ಮುಂದೆ ಮಾಡಿ ಕೊಟ್ಟು ನೋಡಿ, ಅರ್ಧ ಕ್ಲಾಸ್ ಸುಮ್ಮನಾಗ್ಬಿಡತ್ತೆ.

ಅದಕ್ಕೇ ನಾನು ಶುರು ಮಾಡೋದು ಮಕ್ಕಳ ಮಾತಿಂದ. ಬೆಳಿಗ್ಗೆ ಒಬ್ರು ಏನಾದ್ರೂ ಸುದ್ದಿ ಹೇಳ್ಬೇಕು, ಅದನ್ನ ಹೇಳಿದ ಹಾಗೇ ದೊಡ್ಡದಾಗಿ ಚಾರ್ಟಲ್ಲಿ ಬರೀತೀನಿ. "ನಮ್ಮ ಬೆಕ್ಕು ಮರಿ ಹಾಕಿದೆ, ಒಂದು ಮರಿ ಕಪ್ಪು." ಎಲ್ಲರೂ ಬೆರಳಿಟ್ಟು ಓದಿದ ಮೇಲೆ ಪದ ಪದ ಕತ್ತರಿಸಿ ಜೋಡಿಸೋಕೆ ಕೊಡ್ತೀನಿ. ಒಂದು ಗುಂಪು "ನಮ್ಮ ಕಪ್ಪು ಬೆಕ್ಕು ಒಂದು ಮರಿ ಹಾಕಿದೆ" ಅಂತ ಜೋಡಿಸ್ತು, ಕೈಯಲ್ಲಿ ಇನ್ನೊಂದು "ಮರಿ" ಉಳೀತು. ಸುದ್ದಿ ಹೇಳಿದ ಮಗು ಓಡಿಬಂದು ಬೆಕ್ಕು ಬಿಳಿ, ಮರಿ ಕಪ್ಪು ಅಂತ ಜಗಳಕ್ಕೇ ನಿಂತ್ಬಿಡ್ತು, ಎಲ್ಲರೂ ಒಂದೊಂದು ಪದಾನೂ ಮತ್ತೆ ನೋಡಿ ನೋಡಿ ಸರಿ ಮಾಡಿದ್ರು. ಒತ್ತಕ್ಷರ ಇನ್ನೂ ಹೇಳ್ಕೊಟ್ಟಿರ್ಲಿಲ್ಲ, ಆದ್ರೂ ಬೆಕ್ಕು, ಕಪ್ಪು ಎರಡೂ ಓದಿದ್ರು!

ಹಾಗಂತ ಅಕ್ಷರ ಕಲಿಸೋದು ಬಿಡಲ್ಲ. 49 ಅಕ್ಷರಾನೂ ಮುಗಿಸಿ ಆಮೇಲೆ ಪದ ಅಂದ್ರೆ ಮಕ್ಕಳು ತುಂಬಾ ಕಾಯ್ಬೇಕಾಗತ್ತೆ, ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಥರ ರ, ಗ, ಸ, ದ, ಅ ಇಂದ ಶುರು ಮಾಡಿದ್ರೆ ಅಷ್ಟರಲ್ಲೇ ಸರ, ಅಗಸ, ಅರಸ ಓದಬಹುದು. ಮ-ವ, ಪ-ಷ ಥರ ನೋಡೋಕೆ ಒಂದೇ ಹಾಗಿರೋದನ್ನ ಮಾತ್ರ ಒಟ್ಟಿಗೆ ತರಲ್ಲ.

ಬರೆಯೋದಕ್ಕೆ ಕ್ಲಾಸಲ್ಲಿ ಒಂದು ಅಂಚೆ ಡಬ್ಬ ಇಟ್ಟಿದೀನಿ, ನನಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಬೇರೆ ಇಲ್ಲ. ಏನು ಬೇಕಾದ್ರೂ ಬರೆದು ಹಾಕಬಹುದು, ಕೆಂಪು ಪೆನ್ ಮುಟ್ಟಲ್ಲ, ಉತ್ತರ ಮಾತ್ರ ಬರೀತೀನಿ. ಒಂದು ಚೀಟೀಲಿ "ಮಿಸ್ ನನಗೆ ನಿನೆ ಜರ ಬಂದಿತು" ಅಂತ ಇತ್ತು. ನಾನು "ನಿನ್ನೆ ಜ್ವರ ಬಂದಿತ್ತಾ ಪುಟ್ಟ? ಈಗ ಜ್ವರ ಬಿಟ್ಟಿದೆಯಾ?" ಅಂತ ಬರೆದೆ, ಬೇಕಂತಲೇ ಜ್ವರ ಎರಡು ಸಲ. ಮಾರನೇ ದಿನ ಬಂತು, "ಜ್ವರ ಬಿಟಿದೆ ಮಿಸ್". ಜ್ವರ ಸರಿಯಾಗಿದೆ ನೋಡಿ, "ಬಿಟ್ಟಿದೆ" ಮುಂದಿನ ಚೀಟಿಗಳಲ್ಲಿ ಸರಿಹೋಗತ್ತೆ. ಬರೀ ಚಿತ್ರ ಬಿಡಿಸಿ ಹಾಕೋರಿಗೆ "ಇದು ಯಾರು?" ಅಂತ ಒಂದೇ ಪ್ರಶ್ನೆ ಬರೀತೀನಿ, ಅದಕ್ಕೆ ಒಂದು ಪದ ಬರೆದ್ರೂ ನನಗೆ ಖುಷಿ.

ಮಕ್ಕಳು ಜಾಸ್ತಿ ಇದ್ರೆ ದಿನಕ್ಕೊಂದು ಸಾಲಿನ ಮಕ್ಕಳು ಬರೆಯೋದು ಅಂತ ಇಟ್ಕೊಳ್ಳಿ. ಉತ್ತರ ಮಾತ್ರ ಮಾರನೇ ದಿನಾನೇ ಸಿಗ್ಬೇಕು, ತಡ ಆದ್ರೆ ಬರೆಯೋದನ್ನೇ ನಿಲ್ಲಿಸ್ಬಿಡ್ತಾರೆ.