ಬೈನರಿ ಫೈಲಿನ ಅಂಕಿಯಿಂದ ವೋಲ್ಟ್ ತೆಗೆಯುವುದು

ಗಂಗಾವತಿ ಕಡೆ ರೈಸ್ ಮಿಲ್ ಮೋಟರಿನ ಕಂಪನ ಅಳೆಯುವ ಪ್ರಾಜೆಕ್ಟ್ ಮಾಡುತ್ತಿರುವವರಿಗೆ ಒಂದು ಮಾತು. ಡೇಟಾ ಕಾರ್ಡ್ (ಸೆನ್ಸರಿನ ವೋಲ್ಟೇಜನ್ನು ಅಂಕಿ ಮಾಡಿ ಕಂಪ್ಯೂಟರಿಗೆ ಕೊಡುವ ಕಾರ್ಡ್) ಬರೆದಿಡುವ ಬೈನರಿ ಫೈಲಿನಲ್ಲಿ ವೋಲ್ಟೇಜ್ ಇರುವುದಿಲ್ಲ, ಬರೀ ಎಣಿಕೆ ಇರುತ್ತದೆ. 16 ಬಿಟ್ ಕಾರ್ಡ್, ರೇಂಜ್ ಮೈನಸ್ 10ರಿಂದ ಪ್ಲಸ್ 10 ವೋಲ್ಟ್ ಅಂದರೆ, ಒಟ್ಟು 20 ವೋಲ್ಟನ್ನು 16 ಬಿಟ್‌ನ ಮೆಟ್ಟಿಲುಗಳಾದ 65536ರಿಂದ ಭಾಗಿಸಿ. ಒಂದು ಎಣಿಕೆಗೆ ಸುಮಾರು 0.305 ಮಿಲಿವೋಲ್ಟ್. ಫೈಲಿನ ಅಂಕಿಗೆ ಇದನ್ನು ಗುಣಿಸಿದರೆ ಆಯಿತು.

ಜಾಸ್ತಿ ಜನ ಎಡವುವುದು ಬೈಟ್‌ಗಳ ಕ್ರಮದಲ್ಲಿ. ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟ್‌ಗಳನ್ನು 16ರ ಆಧಾರದ ಅಂಕಿಯಲ್ಲಿ ತೋರಿಸುವ ಸಾಫ್ಟ್‌ವೇರ್) 00 40 ಅಂತ ಕಂಡಿತು ಅಂದುಕೊಳ್ಳಿ. ಲಿಟಲ್ ಎಂಡಿಯನ್ (ಚಿಕ್ಕ ಬೆಲೆಯ ಬೈಟ್ ಮೊದಲು ಬರುವ ಕ್ರಮ) ಆದರೆ ಅದು 16384, ಸರಿಯಾಗಿ 5 ವೋಲ್ಟ್. ತಿರುಗಿಸಿ ಓದಿದರೆ ಬರೀ 64, ಅಂದರೆ 20 ಮಿಲಿವೋಲ್ಟೂ ಇಲ್ಲ! ಗ್ರಾಫ್ ಮಂಡಕ್ಕಿ ಚೆಲ್ಲಿದ ಹಾಗೆ ಕಂಡರೆ ಮೊದಲು ಇದನ್ನೇ ನೋಡಿ.

ಕೆಲವು ಕಾರ್ಡ್‌ಗಳು ಮೈನಸ್ ಅಂಕಿ ಬರೆಯುವುದೇ ಇಲ್ಲ. ಅವುಗಳಲ್ಲಿ ಸೊನ್ನೆ ವೋಲ್ಟ್ ಅಂದರೆ 32768. ಅಷ್ಟನ್ನು ಕಳೆದು ಆಮೇಲೆ ಗುಣಿಸಿ. ಇದೆಲ್ಲ ಮ್ಯಾನ್ಯುವಲ್‌ನಲ್ಲೇ ಇರುತ್ತದೆ, ಯಾರೂ ಓದಲ್ಲ ಅಷ್ಟೇ.

ಗೇನ್ (ಸಿಗ್ನಲ್ಲನ್ನು ಕಾರ್ಡ್ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು) 10 ಇಟ್ಟಿದ್ದರೆ ಉತ್ತರವನ್ನು 10ರಿಂದ ಭಾಗಿಸಿ. ಮಿಲ್ಲಿಗೆ ಹೋಗುವ ಮುಂಚೆ, ಗೇನ್ 1ರಲ್ಲಿ ಗಡಿಯಾರದ ಸೆಲ್ ಒಂದನ್ನು ಚಾನೆಲ್‌ಗೆ ಕೊಟ್ಟು ನೋಡಿ. ಮಲ್ಟಿಮೀಟರ್ 1.5 ತೋರಿಸಿದರೆ ನಿಮ್ಮ ಲೆಕ್ಕದಲ್ಲೂ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ಸೆಲ್ ತಿರುಗಿಸಿ ಹಿಡಿದರೆ ಮೈನಸ್ 1.5.